ದೀಪ ಹೊತ್ತವರ ಮಾತನ್ನೂ ಬರೆಯಿರಿ

ಸಂಪಾದಕರೇ,

ನಮ್ಮ ಭಾಗದ ಊರಹಬ್ಬಗಳ ಬಗ್ಗೆ ಈಚೆಗೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ವರದಿಯನ್ನು ಓದಿ ತುಂಬಾ ನೋವಾಯಿತು. ಗ್ರಾಮದೇವತೆಗಳನ್ನು ಕ್ಷುದ್ರದೇವತೆಗಳೆಂದು ಕರೆದು, ಹಬ್ಬವೆಲ್ಲ ಬರೀ ಭಯದಿಂದ ಹುಟ್ಟಿದ್ದೆಂದು ವರದಿಗಾರರು ತೀರ್ಪು ಕೊಟ್ಟಿದ್ದಾರೆ. ಅಷ್ಟುದ್ದದ ಬರಹದಲ್ಲಿ ತಂಬಿಟ್ಟಿನ ದೀಪ ಹೊತ್ತ ಒಬ್ಬ ಹೆಂಗಸಿನ ಮಾತೂ ಇಲ್ಲ, ಪೂಜಾರಿಯ ಮಾತೂ ಇಲ್ಲ.

ನಾನು ಕೋಲಾರದಲ್ಲಿ ಕನ್ನಡ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು, ಮೆಥಡಿಸ್ಟ್ ಸಭೆಗೆ ಸೇರಿದವಳು. ಕ್ರೈಸ್ತಳಾದ ನಿಮಗೆ ಗ್ರಾಮದೇವತೆಯ ಉಸಾಬರಿ ಏಕೆ ಎಂದು ಕೇಳುವವರಿಗೆ ನೈಜೀರಿಯಾದ ಬೋಲಾಜಿ ಇಡೋವು ಅವರ ಕೆಲಸವನ್ನು ನೆನಪಿಸುತ್ತೇನೆ. 1913ರಲ್ಲಿ ಹುಟ್ಟಿದ ಇಡೋವು ಯೊರುಬಾ ಜನಾಂಗದವರು, ಮೆಥಡಿಸ್ಟ್ ಪಾದ್ರಿ, ಇಬಾದಾನ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರದ ಪ್ರಾಧ್ಯಾಪಕರು. ಮುಂದೆ ಆ ದೇಶದ ಮೆಥಡಿಸ್ಟ್ ಸಭೆಗೇ ಮುಖ್ಯಸ್ಥರಾದರು. ಯೊರುಬಾ ಜನರ ಪರಮದೈವವಾದ ಒಲೊಡುಮಾರೆಯ ಬಗ್ಗೆ ಅವರು ಬರೆದ ಗ್ರಂಥ 1962ರಲ್ಲಿ ಪ್ರಕಟವಾಯಿತು.

ಅವರಿಗಿಂತ ಮೊದಲು ಇದೇ ಜನಾಂಗದಲ್ಲಿ ಸ್ಯಾಮ್ಯುಯೆಲ್ ಕ್ರೌಥರ್ ಇದ್ದರು. ಬಾಲ್ಯದಲ್ಲೇ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿ, ಬಿಡುಗಡೆಯಾಗಿ, ಓದಿ, ಯೊರುಬಾ ನುಡಿಗೆ ವ್ಯಾಕರಣ ಬರೆದು, 1864ರಲ್ಲಿ ಬಿಷಪ್ ಆದ ಮಹನೀಯರು. ಆದರೆ ಅವರ ಕಾಲದ ಬೈಬಲ್ ಅನುವಾದದಲ್ಲಿ ಸೈತಾನನಿಗೆ ಎಶು ಎಂಬ ದೇವತೆಯ ಹೆಸರನ್ನೇ ಕೊಟ್ಟರು. ಎಶುವನ್ನು ಪೂಜಿಸುವವರಿಗೆ ಅವನು ಸೈತಾನನಲ್ಲ; ಬಲಿ ಕಾಣಿಕೆಗಳನ್ನು ಮೇಲಕ್ಕೆ ಮುಟ್ಟಿಸುವವನು, ಜನರನ್ನು ಪರೀಕ್ಷಿಸುವವನು, ತುಂಟನೂ ಹೌದು. ಎಶು ಹೊಸ ಒಡಂಬಡಿಕೆಯ ಸೈತಾನನಲ್ಲ ಎಂದು ಇಡೋವು ಖಚಿತವಾಗಿ ಬರೆದರು. ಪಾದ್ರಿಯೊಬ್ಬರು ಹಾಗೆ ಬರೆಯಲು ಎಂಥ ಪ್ರಾಮಾಣಿಕತೆ ಬೇಕು!

ಇಡೋವು ಪುರಾಣಕಥೆ, ಹಾಡು, ಗಾದೆ, ಪ್ರಾರ್ಥನೆ, ಇಫಾ ಎಂಬ ಯೊರುಬಾ ಕಣಿ ಕೇಳುವ ಪದ್ಧತಿಯ ಪದ್ಯಗಳನ್ನೇ ಆಧಾರವಾಗಿ ಇಟ್ಟುಕೊಂಡರು. ಇಫಾ ಕೇಳುವ ಕ್ರಮವನ್ನು ನೋಡಿ. ಬಬಲಾವೊ ಎಂಬ ಪೂಜಾರಿ ಹದಿನಾರು ತಾಳೆ ಬೀಜಗಳನ್ನು ಒಂದು ಅಂಗೈಯಿಂದ ಇನ್ನೊಂದು ಕೈಗೆ ಬಾಚಿಕೊಳ್ಳುತ್ತಾನೆ. ಒಂದು ಬೀಜ ಉಳಿದರೆ ಹಲಗೆಯ ಪುಡಿಯ ಮೇಲೆ ಎರಡು ಗೀರು, ಎರಡು ಉಳಿದರೆ ಒಂದು ಗೀರು. ಹೀಗೆ ಮೂಡುವ ಚಿಹ್ನೆಗಳು ಒಟ್ಟು 256. ಪ್ರತಿಯೊಂದಕ್ಕೂ ಹತ್ತಾರು ಪದ್ಯಗಳು, ಎಲ್ಲವೂ ಬಾಯಿಪಾಠ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಕೂತು ಕೇಳುವುದೇ ಕಷ್ಟ. ಇಡೋವು ಯೊರುಬಾ ಧರ್ಮವನ್ನು ಕ್ರೈಸ್ತ ಏಕದೇವವಾದದ ಅಚ್ಚಿಗೆ ಹೊಂದಿಸಿದರೆಂಬ ಆಕ್ಷೇಪ ಮುಂದಿನ ವಿದ್ವಾಂಸರಿಂದ ಬಂತು. ಅದರಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಭಕ್ತರ ಮಾತುಗಳನ್ನು ಇಡೋವು ಮುಂದಿಟ್ಟಿದ್ದರಿಂದಲೇ ಓದುಗರಿಗೆ ಆ ಚರ್ಚೆ ಸಾಧ್ಯವಾಯಿತು.

ನಮ್ಮ ಊರಿನ ಕೋಲಾರಮ್ಮನ ಗುಡಿಗೇ ಬನ್ನಿ. ಅಲ್ಲಿ ಚೇಳಮ್ಮನಿದ್ದಾಳೆ, ನೆಲದಲ್ಲೇ ಕೊರೆದ ಹುಂಡಿಯಿದೆ. ಕಾಣಿಕೆ ಹಾಕಿ ಹರಕೆ ಹೊತ್ತರೆ ಚೇಳಿನ ಕಾಟವಿರದು ಎಂಬುದು ಜನರ ನಂಬಿಕೆ. ಇಲ್ಲಿ ಭಯವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅದೊಂದೇ ಅಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಅಕ್ಕಿ ಹಿಟ್ಟು, ಬೆಲ್ಲ ಕಲಸಿ, ಉಂಡೆಯ ನಡುವೆ ಹೆಬ್ಬೆರಳಿನಿಂದ ಗುಳಿ ಒತ್ತಿ, ತುಪ್ಪ ಎರೆದು ಬತ್ತಿ ಇಡುವಾಗ ಏಕೆಂದು ಕೇಳಿದ್ದೆ. “ಅಮ್ಮ ನಮ್ಮ ಮನೆಮಗಳು, ವರ್ಷಕ್ಕೊಮ್ಮೆ ತವರಿಗೆ ಬರುತ್ತಾಳೆ, ಬರಿಗೈಯಲ್ಲಿ ನಿಲ್ಲಲಾಗುತ್ತದೆಯೇ?” ಎಂದರು. ನಿಮ್ಮ ವರದಿಯಲ್ಲಿ ಈ ಅಜ್ಜಿಗೆ ಜಾಗವೇ ಇಲ್ಲ.

ಹಬ್ಬದಲ್ಲಿ ತಪ್ಪು ಕಂಡರೆ ಖಂಡಿತ ಬರೆಯಿರಿ. ಪ್ರಾಣಿಬಲಿಯ ವಿರುದ್ಧ 1959ರ ಕಾನೂನೇ ಇದೆ, ಅದು ಜಾರಿಯಾಗಲಿ ಎಂದು ನಾನೂ ಒತ್ತಾಯಿಸುತ್ತೇನೆ. ಆದರೆ ಮುಂದಿನ ಊರಹಬ್ಬಕ್ಕೆ ವರದಿಗಾರರು ಒಂದು ದಿನ ಮೊದಲೇ ಬಂದು ದೀಪ ಮಾಡುವ ಹೆಂಗಸರ ಜೊತೆ, ಪೂಜಾರಿಯ ಜೊತೆ, ತಮಟೆ ಬಾರಿಸುವವರ ಜೊತೆ ಮಾತನಾಡಲಿ, ಅವರ ಹಾಡುಗಳನ್ನು ಬರೆದುಕೊಳ್ಳಲಿ. ಆ ಮನೆಗಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.

– ನಿವೃತ್ತ ಶಿಕ್ಷಕಿ, ಕೋಲಾರ