ಭಾನುವಾರದ ವಾಕ್ಯ ಹುಡುಕಾಟ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಎಂದಿನಂತೆ ಆನ್‌ಲೈನ್‌ನಲ್ಲಿ ಸೇರೋಣ. ಈ ಸಲ ವ್ಯಾಕರಣದ ಪುಸ್ತಕ ಬೇಡ, ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಿಂದ ನಾವೇ ವಾಕ್ಯ ಹೆಕ್ಕೋಣ. ಹೊಸಬರಿಗೆ ಹೇಳುವುದಾದರೆ, ಅದು ಸುಮಾರು 10 ಕೋಟಿ ಪದಗಳಷ್ಟು ಇಂಗ್ಲಿಷ್ ಬಳಕೆಯ ಸಂಗ್ರಹ. ಶೇ. 90 ಬರಹ, ಉಳಿದದ್ದು ಜನ ಆಡಿದ ಮಾತು.

ಈ ವಾರದ ಪದ ‘ಎಕ್ಸ್‌ಪ್ಲೇನ್’. ನಾವು ‘ನನಗೆ ವಿವರಿಸಿ’ ಅನ್ನುತ್ತೇವೆ, ಅದೇ ಗುಂಗಿನಲ್ಲಿ ‘ಎಕ್ಸ್‌ಪ್ಲೇನ್ ಮಿ’ ಅಂದುಬಿಡುತ್ತೇವೆ, ಆದರೆ ನಮ್ಮ ‘-ಗೆ’ ಮಾಡುವ ಕೆಲಸಕ್ಕೆ ಅಲ್ಲಿ ‘ಟು’ ಬೇಕು: ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ಆದರೆ ‘ಟೆಲ್ ಮಿ’ಗೆ ಆ ‘ಟು’ ಬೇಡ. ಮಕ್ಕಳು ಎಡವುವುದು ಇಲ್ಲೇ ಅಲ್ವಾ?

ಒಬ್ಬೊಬ್ಬರು 5 ವಾಕ್ಯ ಆರಿಸಿ, ಪದದ ಬಲಕ್ಕೆ ಏನು ಬಂದಿದೆ ಎಂದು ಗುರುತು ಮಾಡಿ, ಶನಿವಾರ ರಾತ್ರಿ 9ರೊಳಗೆ ಇಲ್ಲಿ ಹಾಕಿ. ‘ಎಕ್ಸ್‌ಪ್ಲೇನ್ ಟು ಮಿ ವೈ...’ ಥರದ್ದು ಸಿಕ್ಕರೆ ಬಿಡಬೇಡಿ, ವಿವರಿಸುವ ವಿಷಯ ಉದ್ದವಾದಾಗ ಅದು ಕೊನೆಗೆ ಸರಿಯುವುದು ನನಗೆ ತುಂಬಾ ಇಷ್ಟ. ಸುಮ್ನೆ ಸ್ವಂತ ವಾಕ್ಯ ಕಟ್ಟಬೇಡಿ, ಸಿಕ್ಕಿದ್ದನ್ನೇ ಹಾಕಿ.

ಬರುವವರು ಇವತ್ತೇ ‘ಬರುತ್ತೇನೆ’ ಎಂದು ತಿಳಿಸಿ. ಹುಡುಕುವುದು ಗೊತ್ತಾಗದಿದ್ದರೆ ಕೇಳಿ, ಸಂಜೆ 7ರ ನಂತರ ನಾನು ಇರುತ್ತೇನೆ.