ಅರ್ಜಿ ಕಳಿಸುವ ಮುಂಚೆ, ಪುಟ್ಟಿಗೆ

ಮೈಸೂರು

ಪ್ರೀತಿಯ ಪುಟ್ಟಿ,

ಸಂಜೆಶಾಲೆಗೆ ಹಣ ಕೇಳಿ ಟ್ರಸ್ಟಿಗೆ ಬರೆದ ನಿನ್ನ ಅರ್ಜಿ ಓದಿದೆ. ಇಪ್ಪತ್ತೆರಡು ಪುಟ. ನಿನ್ನ ಸಂಜೆಶಾಲೆಯ ಮಕ್ಕಳು ಸಿಕ್ಕಿದ್ದು ಹದಿನೇಳನೇ ಪುಟದಲ್ಲಿ. ಅಲ್ಲಿವರೆಗೂ ಬರೀ ಸಬಲೀಕರಣ, ಸಮಗ್ರ ಅಭಿವೃದ್ಧಿ. ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಕತ್ತಲಾದರೆ ಆನೆ ಭಯ, ಅದಕ್ಕೇ ಹಾಡಿಯ ಮಕ್ಕಳು ಬರೋದಿಲ್ಲ, ಒಬ್ಬ ತಾತ ಟಾರ್ಚ್ ಹಿಡಿದು ಮನೆವರೆಗೂ ಬಿಟ್ಟು ಬರ್ತಾರೆ ಅಂತ? ಆ ತಾತ ಅರ್ಜಿಯಲ್ಲಿ ಎಲ್ಲೂ ಇಲ್ಲ. ಅವರನ್ನು ಮೊದಲ ಪುಟಕ್ಕೆ ತಾ. ಎಚ್.ಡಿ. ಕೋಟೆ ಕಾಡಂಚು ನೋಡದವರಿಗೂ ನಿನ್ನ ಕೆಲಸ ಏನು ಅಂತ ತಿಳಿಯೋದು ಅಲ್ಲೇ.

ಕಂಪನಿ ದುಡ್ಡು ಬೇರೆ, ಮನೆತನದ ಟ್ರಸ್ಟ್, ಅಂದರೆ ಒಂದು ಕುಟುಂಬ ದಾನಕ್ಕೆ ಅಂತ ಇಟ್ಟ ಟ್ರಸ್ಟ್, ಅದರ ದುಡ್ಡು ಬೇರೆ. ದೊಡ್ಡ ಕಂಪನಿಗಳಿಗೆ ಕಾನೂನಿದೆ. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡಲೇಬೇಕು. ಮನೆತನದ ಟ್ರಸ್ಟಿಗೆ ಆ ಒತ್ತಡ ಇಲ್ಲ. ಅವರ ಮನಸ್ಸು ಎಲ್ಲಿ ನಿಲ್ಲುತ್ತೋ ಅಲ್ಲಿ ಕೊಡುತ್ತಾರೆ. ದಾನಿ ರೋಹಿಣಿ ನಿಲೇಕಣಿಯವರ ಅರ್ಘ್ಯಂ ಸಂಸ್ಥೆ ನೋಡು. 2001ರಲ್ಲಿ ಅವರ ಸ್ವಂತ ದುಡ್ಡಿನಿಂದ ಶುರುವಾಯಿತು, 2005ರಿಂದ ನೀರಿನ ಕೆಲಸಕ್ಕೇ ನಿಂತಿತು. ಅಲ್ಲಿಗೆ ಸಂಜೆಶಾಲೆಯ ಅರ್ಜಿ ತಗೊಂಡು ಹೋದರೆ ಬಸ್ ಚಾರ್ಜ್ ದಂಡ. ಅದಕ್ಕೆ ಮೊದಲು ವಿಚಾರಿಸು. ಕಳೆದ ಎರಡು ಮೂರು ವರ್ಷ ಯಾರಿಗೆ ಕೊಟ್ಟರು, ಯಾವ ಜಿಲ್ಲೆಗೆ, ಎಷ್ಟೆಷ್ಟು? ಎಷ್ಟೋ ಟ್ರಸ್ಟುಗಳಿಗೆ ವೆಬ್‌ಸೈಟೇ ಇರೋದಿಲ್ಲ. ಅವರಿಂದ ಹಣ ಪಡೆದ ಸಂಸ್ಥೆಯವರನ್ನೇ ಕೇಳು, ಸಂಕೋಚ ಬೇಡ.

ನನ್ನ ಕಥೆ ಕೇಳು. ಮೊದಲ ಸಲ ಒಂದು ಟ್ರಸ್ಟಿಗೆ ಬರೆದ ಅರ್ಜಿಯನ್ನೇ ಇನ್ನೊಂದಕ್ಕೂ ಕಳಿಸಿದ್ದೆ. ಮೇಲಿನ ಹೆಸರು ಬದಲಾಯಿಸಿದೆ, ಮೂರನೇ ಪುಟದ್ದು ಹಾಗೇ ಉಳಿಯಿತು. ಆ ಮನೆಯ ಯಜಮಾನರೇ ಫೋನ್ ಮಾಡಿದರು. "ಅಮ್ಮಾ, ನೀವು ಹುಡುಕ್ತಿರೋ ಮನೆ ಇದಲ್ಲ ಅನ್ಸುತ್ತೆ" ಅಂದರು. ಬೈದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಒಂದೇ ಸಲ ದಪ್ಪ ಫೈಲ್ ಕಳಿಸಬೇಡ. ಮೊದಲು ಒಂದು ಪುಟದ ಕಾಗದ ಬರಿ, ಭೇಟಿಗೆ ಹದಿನೈದು ನಿಮಿಷ ಕೇಳು. ಸಾಧ್ಯವಾದರೆ ಅವರನ್ನೇ ಒಂದು ಸಂಜೆ ಕರಿ. ಬಂದರೆ ಹಾರ, ಶಾಲು, ಸ್ವಾಗತ ಗೀತೆ ಅಂತ ದಯವಿಟ್ಟು ಏನೂ ಇಟ್ಟುಕೊಳ್ಳಬೇಡ. ಮಕ್ಕಳು ಓದುತ್ತಿರಲಿ, ಅವರು ನೋಡಲಿ.

ಕಾಗದಪತ್ರ ನಿನ್ನ ಆಡಿಟರಿಗೆ ಗೊತ್ತು. ಟ್ರಸ್ಟ್ ಡೀಡ್, ಪ್ಯಾನ್, 12ಎ (ಸಂಸ್ಥೆಯ ಆದಾಯ ತೆರಿಗೆ ವಿನಾಯಿತಿಯ ನೋಂದಣಿ), 80ಜಿ (ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವುದು), ಮೂರು ವರ್ಷದ ಆಡಿಟ್ ವರದಿ, ಸರ್ಕಾರದ ಎನ್‌ಜಿಒ ಪೋರ್ಟಲ್ ಕೊಡುವ ದರ್ಪಣ್ ನಂಬರ್. 12ಎ ಅವಧಿ ಯಾವಾಗ ಮುಗಿಯುತ್ತೆ ಅಂತ ಮಾತ್ರ ಇವತ್ತೇ ನೋಡು. ಅದಿಲ್ಲದ ಸಂಸ್ಥೆಗೆ ಕೊಟ್ಟ ಹಣ ಕೊಡುವ ಟ್ರಸ್ಟಿನ ಲೆಕ್ಕದಲ್ಲಿ ದಾನದ ಖರ್ಚು ಅಂತ ನಿಲ್ಲೋದು ಕಷ್ಟ. ಯಜಮಾನರು ಹೂಂ ಅಂದರೂ ಅವರ ಆಡಿಟರ್ ಬಿಡುವುದಿಲ್ಲ. ಇನ್ನೊಂದು, ಅಮೆರಿಕದಲ್ಲಿರುವ ನಿನ್ನ ಅಣ್ಣ ದುಡ್ಡು ಕಳಿಸ್ತೀನಿ ಅಂದನಂತೆ. ಅವನು ಅಲ್ಲಿನ ಪೌರತ್ವ ತಗೊಂಡಿದ್ದಾನೆ, ಹಾಗಾಗಿ ಅದು ವಿದೇಶಿ ಹಣ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾನೂನಿನ ಅನುಮತಿ ಇಲ್ಲದೆ ಸಂಸ್ಥೆಯ ಖಾತೆಗೆ ಒಂದು ರೂಪಾಯಿಯೂ ಬರಕೂಡದು. ಅಣ್ಣನೇ ಆದರೂ ಅಷ್ಟೇ.

ಈಗ ಬಜೆಟ್. ನೀನು ಪುಸ್ತಕ, ಬ್ಯಾಗು, ಸೋಲಾರ್ ದೀಪ ಬರೆದಿದ್ದೀಯ. ಬಾಡಿಗೆ ಇಲ್ಲ, ಟೀಚರ್ ಸಂಬಳ ಅರ್ಧ, ನಿನ್ನದಂತೂ ಸೊನ್ನೆ. ಕಮ್ಮಿ ಕೇಳಿದರೆ ಬೇಗ ಕೊಡ್ತಾರೆ ಅಂದುಕೊಂಡೆಯಾ? ನಾನೂ ಕೆಲವು ವರ್ಷ ಆಚೆ ಬದಿಗೆ, ಹಣ ಕೊಡುವವರ ಕಡೆ ಕೂತು ಇಂಥ ಅರ್ಜಿ ಓದಿದ್ದೇನೆ. ಸಂಬಳವೇ ಇಲ್ಲದ ಬಜೆಟ್ ಕಂಡರೆ ನಮಗೆ ಬರುತ್ತಿದ್ದದ್ದು ಮೆಚ್ಚುಗೆ ಅಲ್ಲ, ಅನುಮಾನ. ಇವರು ಎಷ್ಟು ದಿನ ಹೀಗೆ ನಡೆಸ್ತಾರೆ ಅಂತ. ಹಾಗಂತ ವರ್ಷಕ್ಕೆ ನಾಲ್ಕು ಲಕ್ಷ ಖರ್ಚು ಮಾಡುವ ನೀನು ಇಪ್ಪತ್ತೈದು ಲಕ್ಷ ಕೇಳಿದರೂ ಕಷ್ಟ.

ಹಣ ಬಂದ ಮೇಲೆ ಫೋಟೋ ಜಾಸ್ತಿ, ಲೆಕ್ಕ ಕಮ್ಮಿ ಮಾಡಬೇಡ. ಟೀಚರ್ ಬಿಟ್ಟು ಹೋದರೆ, ಎರಡು ತಿಂಗಳು ಶಾಲೆ ನಿಂತರೆ, ನೀನೇ ಮೊದಲು ಫೋನ್ ಮಾಡಿ ಹೇಳು. ಬೇರೆಯವರಿಂದ ಗೊತ್ತಾದರೆ ಮುಂದಿನ ವರ್ಷದ ಮಾತೇ ಇಲ್ಲ. ಅರ್ಜಿಗೆ ಅವರು ಇಲ್ಲ ಅಂದುಬಿಟ್ಟರೆ ಯಾಕೆ ಅಂತ ಕೇಳು. ಕೆಲವರು ಹೇಳ್ತಾರೆ, ಕೆಲವರು ಉತ್ತರವನ್ನೇ ಕೊಡೋದಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ, ಬರುವ ವರ್ಷ ಮತ್ತೆ ಬರಿ.

ತಿದ್ದಿದ ಅರ್ಜಿ ಭಾನುವಾರದೊಳಗೆ ಕಳಿಸು, ಆರು ಪುಟ ಮೀರದ ಹಾಗೆ. ತಾತನಿಗೆ ತಿಂಗಳಿಗೆ ಎಷ್ಟು ಕೊಡಬೇಕು ಅಂತ ಅವರನ್ನೇ ಕೇಳಿ ಬರಿ. ಟಾರ್ಚಿನ ಸೆಲ್ಲಿನ ಖರ್ಚೂ ಹಾಕು.

ಇಂತಿ ನಿನ್ನ
ದೊಡ್ಡಮ್ಮ