ಹೆದರಿದವನು ಎಲ್ಲಿ ಹೋದ?

ಪ್ರೀತಿಯ ತಂಗಿ,

ನಿನ್ನ ಮೇಲ್ ಬಂದು ಮೂರು ವಾರ ಆಯಿತು. ತಡ ಆಯಿತು ಅಂತ ಬೇಜಾರು ಮಾಡ್ಕೋಬೇಡ. ಕಳಿಸಿದ 62 ಪುಟಗಳನ್ನೂ ಎರಡು ಸಲ ಓದಿದೆ. ದಾಳ ಹಾಕುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಕನ್ನಡದಲ್ಲೇ ಪೂರ್ತಿ ಒಂದು ಸಾಹಸ, ಅಂದರೆ ಆಡಿಸುವ ಕಥೆ, ಬರೆದು, ಐದು ಜನ ಗೆಳೆಯರನ್ನು ಕೂರಿಸಿಕೊಂಡು ಆಡಿಸಿಯೂ ಇದ್ದೀಯ. ನನಗೆ ಅದೇ ದೊಡ್ಡ ಖುಷಿ. ಆದರೆ ಆ ಆಟದ ಗುಹೆವಾಸಿ ಕುಳ್ಳ ರಾಕ್ಷಸರಾದ ಡೆರೊಗಳ ಬಗ್ಗೆ ಮೇಲ್‌ನ ಕೊನೆಯಲ್ಲಿ ನೀನು ಬರೆದ ಸಾಲು ಮನಸ್ಸಿನಿಂದ ಹೋಗಲೇ ಇಲ್ಲ. "ನನ್ನ ಡೆರೊಗಳು ಗುಹೆಯಿಂದ ಹೊರಗೆ ಬಂದಾಗ ಎಲ್ಲರೂ ನಕ್ಕುಬಿಟ್ಟರು ಸಾರ್, ಇನ್ನು ಬರೆಯಲ್ಲ" ಅಂದಿದ್ದೀಯಲ್ಲ, ಅದು.

ಬರೀತೀಯ. ಅದನ್ನು ಆಮೇಲೆ ನೋಡೋಣ.

ಗುಹೆಯ ನಕ್ಷೆ ಹೇಗೆ ಬರೆಯಬೇಕು, ಎಷ್ಟನೇ ಲೆವೆಲ್‌ನ ಪಾತ್ರಗಳಿಗೆ ಇಡಬೇಕು, ಪುಸ್ತಕ ಮಾಡಿದರೆ ಯಾರು ಕೊಳ್ಳುತ್ತಾರೆ ಅಂತೆಲ್ಲ ಕೇಳಿದ್ದೀಯ. ಅದನ್ನೆಲ್ಲ ನೀನೇ ನಾಲ್ಕು ಜನರನ್ನು ಕೇಳಿ ಕಲಿಯುತ್ತೀಯ. ನನಗೆ ಹೇಳೋದಕ್ಕೆ ಇರುವುದು ಒಂದೇ ವಿಷಯ. ಅದರ ಬಗ್ಗೆ ನಾನು ಜಾಸ್ತಿ ಮಾತಾಡುತ್ತೇನೆ, ಸ್ವಲ್ಪ ಸಹಿಸಿಕೋ.

ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದು "ಕ್ರೂರ" ಅನ್ನುವ ಪದಕ್ಕೆಲ್ಲ ಸುತ್ತು ಹಾಕುತ್ತಾ ಹೋದೆ. 19 ಸಲ ಸಿಕ್ಕಿತು. ಕ್ರೂರ ಕಣ್ಣು, ಕ್ರೂರ ನಗು, ಕ್ರೂರ ಬಲೆ. ಮೂರನೇ ಪುಟದಲ್ಲೇ "ಹುಟ್ಟಿನಿಂದಲೇ ಕ್ರೂರರಾದ ಜನಾಂಗ" ಅಂತ ಇದೆ. ಆಮೇಲೆ ತಲೆಬುರುಡೆಯ ರಾಶಿ, ಸರಪಳಿ, ರಕ್ತದ ಕೊಳ. ಇಷ್ಟೆಲ್ಲ ಇರುವ ಆ ಕೋಣೆಯಲ್ಲಿ ಹೆದರಿದವರು ಯಾರಿದ್ದಾರೆ ಹೇಳು? ಆಟಗಾರರು ಕತ್ತಿ ಹಿಡಿದು ಬಂದಿದ್ದಾರೆ, ದಾಳ ಕೈಯಲ್ಲಿದೆ, ಚಿಪ್ಸ್ ಪ್ಯಾಕೆಟ್ ಪಕ್ಕದಲ್ಲಿದೆ. ಅವರಿಗೆ ಭಯ ಇಲ್ಲ. ಬುರುಡೆಗಳು ಯಾರವೋ ನಮಗೆ ಗೊತ್ತಿಲ್ಲ. ಹೆದರಿದ ಒಂದು ಮುಖವೂ ಕಾಣದ ಕಡೆ ಕ್ರೌರ್ಯ ಸುಮ್ನೆ ಅಲಂಕಾರ ಆಗಿಬಿಡುತ್ತದೆ. ಜಾತ್ರೆಯಲ್ಲಿ ಮುಖವಾಡ ನೋಡಿ ನಕ್ಕ ಹಾಗೆ ನಕ್ಕರು. ತಪ್ಪು ಅವರದ್ದಲ್ಲ.

"ಪುಸ್ತಕದಲ್ಲೇ ಹಾಗಿದೆ ಸಾರ್" ಅನ್ನುತ್ತೀಯ. ಇದೆ, ನಾನೂ ಓದಿದ್ದೇನೆ. 1982ರಲ್ಲಿ, ಈ ಆಟವನ್ನು ಹುಟ್ಟುಹಾಕಿದವರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್ ಬರೆದ ಒಂದು ಸಾಹಸದಲ್ಲಿ ಡೆರೊಗಳು ಮೊದಲ ಸಲ ಬಂದರು, ಮುಂದಿನ ವರ್ಷ ಆಟದ ರಾಕ್ಷಸರ ಕೈಪಿಡಿಯ ಎರಡನೇ ಭಾಗಕ್ಕೆ ಸೇರಿದರು. ನಾಲ್ಕು ಅಡಿ ಎತ್ತರ, ನೀಲಿ ಛಾಯೆಯ ಬಿಳಿ ಚರ್ಮ, ಪಾಪೆ ಇಲ್ಲದ ಕಣ್ಣು. ಬಿಸಿಲು ತಾಗಿದರೆ ಕಾಯಿಲೆ ಬೀಳುತ್ತಾರೆ. ಸೆರೆ ಹಿಡಿದವರನ್ನು ಗುಲಾಮರನ್ನಾಗಿ ಮಾಡಿಕೊಂಡು ಅವರ ಮೇಲೆ ಪ್ರಯೋಗ ಮಾಡುತ್ತಾರೆ. ಸುಮಾರು 20 ವರ್ಷಕ್ಕೊಮ್ಮೆ ನೆಲದಡಿಯ ಎಲ್ಲರ ಮೇಲೂ ಯುದ್ಧಕ್ಕೆ ಹೋಗುತ್ತಾರೆ, ಗೆಲ್ಲುತ್ತೇವೆ ಅಂತ ಅವರಿಗೇ ನಂಬಿಕೆ ಇಲ್ಲದಿದ್ದರೂ. ಇದನ್ನೆಲ್ಲ ನೀನು ಸರಿಯಾಗೇ ತಂದಿದ್ದೀಯ. ಆದರೆ ಈ ಪುಟಗಳ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಅವನ ಕಥೆ ನಿನಗೆ ಗೊತ್ತಿಲ್ಲ ಅನಿಸಿತು, ಅದಕ್ಕೇ ಹೇಳುತ್ತೇನೆ.

ರಿಚರ್ಡ್ ಶೇವರ್ ಅಂತ ಅವನ ಹೆಸರು. ಅಮೆರಿಕದ ಪೆನ್ಸಿಲ್ವೇನಿಯಾದವನು, ಹುಟ್ಟಿದ್ದು 1907ರಲ್ಲಿ. ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ. ಒಂದು ದಿನ ವೆಲ್ಡಿಂಗ್ ಗನ್ ಹಿಡಿದಾಗ ಪಕ್ಕದವರ ಯೋಚನೆ ತನಗೆ ಕೇಳಿಸತೊಡಗಿತು ಅಂತ ಹೇಳಿದ. ಅದಾದ ಮೇಲೆ ನೆಲದ ತುಂಬಾ ಕೆಳಗಿನಿಂದ ಯಾರೋ ಚಿತ್ರಹಿಂಸೆಯಲ್ಲಿ ಕಿರುಚುವುದು ಕೇಳಿಸಿತಂತೆ. ಕೆಲವು ವರ್ಷ ಮಾನಸಿಕ ಆಸ್ಪತ್ರೆಯಲ್ಲಿ ಇದ್ದ. 1943ರಲ್ಲಿ ಅಮೇಝಿಂಗ್ ಸ್ಟೋರೀಸ್ ಅನ್ನುವ ವೈಜ್ಞಾನಿಕ ಕಥೆಗಳ ಪತ್ರಿಕೆಗೆ ಪತ್ರ ಬರೆದ. ಒಬ್ಬ ಸಹಾಯಕ ಸಂಪಾದಕ ಅದನ್ನು ಕಸದ ಬುಟ್ಟಿಗೆ ಹಾಕಿದ, ಸಂಪಾದಕ ರೇ ಪಾಮರ್ ಎತ್ತಿಕೊಂಡ. ಆಮೇಲೆ ಶೇವರ್ ಕಳಿಸಿದ ಸುಮಾರು 10,000 ಪದಗಳ ಬರಹವನ್ನು ಪಾಮರ್ ತಾನೇ ಮೂರು ಪಟ್ಟು ಬೆಳೆಸಿ, ಮಸಾಲೆ ಸೇರಿಸಿ, ಇದು ನಿಜ ಅನ್ನುವ ಹಾಗೆ 1945ರ ಮಾರ್ಚ್ ಸಂಚಿಕೆಯಲ್ಲಿ ಹಾಕಿದ. ಪತ್ರಗಳ ರಾಶಿ ಬಂತು. ನಮಗೂ ಆ ದನಿ ಕೇಳಿಸುತ್ತದೆ ಅಂತ ಬರೆದವರೂ ಇದ್ದರು.

ಆ ದನಿಗಳ ಹಿಂದೆ ಇದ್ದವರಿಗೆ ಶೇವರ್ ಇಟ್ಟ ಹೆಸರು ಡೀರೊ. ಭೂಮಿಯೊಳಗಿನ ಗುಹೆಗಳಲ್ಲಿ ಬದುಕುವ ಹಾಳಾದ ಜನ. ಹಳೇ ಯಂತ್ರಗಳ ಕಿರಣ ಬಿಟ್ಟು ಮೇಲಿನವರ ತಲೆ ಕೆಡಿಸುತ್ತಾರೆ. ಅವರು ಹಾಗಾಗಿದ್ದು ಸೂರ್ಯನ ಕೆಟ್ಟ ಕಿರಣದಿಂದ. ಡೀರೊ, ಡೆರೊ. ಹೆಸರು ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ನಿನ್ನ ಡೆರೊಗಳಿಗೆ ಬಿಸಿಲು ಯಾಕೆ ಆಗಲ್ಲ ಅನ್ನೋದರ ಎಳೆಯೂ ಇಲ್ಲಿದೆ. ಶೇವರ್‌ನ ಗುಹೆಗಳಲ್ಲಿ ಟೀರೊ ಅಂತ ಒಳ್ಳೆಯವರೂ ಇದ್ದರು, ಡೀರೊಗಳ ಕೈಯಿಂದ ಜನರನ್ನು ಕಾಪಾಡುತ್ತಿದ್ದರು. ಆಟಕ್ಕೆ ಅವರು ಬರಲಿಲ್ಲ.

ಆ ಮನುಷ್ಯ ಹೇಳಿದ ಗುಹೆಗಳು ಇರಲಿಲ್ಲ. ಆದರೆ ಅವನ ಭಯ ಇತ್ತು, ರಾತ್ರಿ ನಿದ್ದೆ ಬಿಡಿಸುವಷ್ಟು ನಿಜವಾಗಿ ಇತ್ತು. ಪಾಮರ್ ಮೇಲೆ ನನಗೆ ಸಿಟ್ಟು ಬರೋದು ಅದಕ್ಕೇ. ಬುಟ್ಟಿಯಿಂದ ಎತ್ತಿಕೊಂಡಿದ್ದಕ್ಕಲ್ಲ, ಆಮೇಲೆ ಮಾಡಿದ್ದಕ್ಕೆ. ಗುಹೆ, ಕಿರಣ, ರಾಕ್ಷಸರು ಎಲ್ಲ ದೊಡ್ಡದಾಯಿತು, ಹೆದರಿ ಕೂತವನು ಸಣ್ಣವನಾಗುತ್ತಾ ಹೋದ. ಆಟಕ್ಕೆ ಬರುವ ಹೊತ್ತಿಗೆ ಅವನು ಇರಲೇ ಇಲ್ಲ. ಹುಚ್ಚು ಮಾತ್ರ ಉಳಿಯಿತು, ಅದೂ ಒಂದು ಅಂಕೆಯಾಗಿ. 2003ರ ರಾಕ್ಷಸರ ಕೈಪಿಡಿ ನಿನ್ನ ಹತ್ತಿರ ಇದೆ ಅಂದೆಯಲ್ಲ, ತೆಗೆದು ನೋಡು. ಇಡೀ ಜನಾಂಗಕ್ಕೇ ಹುಚ್ಚು, ಅದರಿಂದ ಕರಿಸ್ಮಾಗೆ, ಅಂದರೆ ಮಾತಿನಿಂದ ಸೆಳೆಯುವ ಶಕ್ತಿಯ ಅಂಕೆಗೆ, 6 ಜಾಸ್ತಿ, ವಿಸ್ಡಮ್‌ಗೆ, ಅಂದರೆ ವಿವೇಕದ ಅಂಕೆಗೆ, 6 ಕಡಿಮೆ. ಮಹಾ ಮಂತ್ರ ಹಾಕಿ ಅದನ್ನು ವಾಸಿ ಮಾಡಿದರೆ ವಿಸ್ಡಮ್ 6 ಏರುತ್ತದೆ, ಕರಿಸ್ಮಾ 6 ಇಳಿಯುತ್ತದೆ.

ಈ ಸಾಲಿನ ಹತ್ತಿರ ಸ್ವಲ್ಪ ನಿಲ್ಲು. ವಾಸಿಯಾದ ಡೆರೊ ಒಬ್ಬ ಎದ್ದು ಕೂತ ಆ ಮೊದಲ ಗಳಿಗೆಯನ್ನು ಯೋಚಿಸು. ತನ್ನ ಕೈಯಲ್ಲಿ ಕೊಕ್ಕೆ ಇದೆ. ಎದುರಿಗೆ ಕಟ್ಟಿ ಹಾಕಿದವನು ಇದ್ದಾನೆ. ಇವನಿಗೆ ಈಗ ಬುದ್ಧಿ ಬಂದಿದೆ, ಜೊತೆಗೆ ಇಷ್ಟು ದಿನ ಮಾತಿಗೆ ಇದ್ದ ಹೊಳಪು ಹೋಗಿದೆ. ತಾನು ಏನು ಮಾಡಿದೆ ಅಂತ ಗೊತ್ತಾಗುತ್ತದೆ, ಯಾರಿಗೂ ಹೇಳಿ ನಂಬಿಸಲು ಆಗುವುದಿಲ್ಲ. ನನಗೆ ಇದು ರಕ್ತದ ಕೊಳಕ್ಕಿಂತ ಸಾವಿರ ಪಾಲು ಭಯ ಹುಟ್ಟಿಸುತ್ತದೆ. ನಿಯಮದ ಪುಸ್ತಕದಲ್ಲಿ ಸುಮ್ನೆ ಬಿದ್ದಿರುವ ಸಾಲು. ನೀನು ಅದನ್ನು ದಾಟಿ ಬುರುಡೆ ಹುಡುಕಿಕೊಂಡು ಹೋದೆ.

ಗದರುತ್ತಿದ್ದೇನೆ ಅನಿಸಿದರೆ ಕ್ಷಮಿಸು. ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ.

ನಮ್ಮ ಮನೆಯಲ್ಲಿ ನನ್ನ ಸೋದರಮಾವ ಇದ್ದ. ಮದುವೆ ಆಗಿರಲಿಲ್ಲ, ಕೆಲಸ ಬಿಟ್ಟು ಬಂದಿದ್ದ. ಮೈಸೂರಿನ ನಮ್ಮ ಹಳೇ ಮನೆಯದು ರೆಡ್ ಆಕ್ಸೈಡ್ ನೆಲ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವನು ನಡುಮನೆಯಲ್ಲಿ ಮಂಡಿಯೂರಿ ನೆಲಕ್ಕೆ ಕಿವಿ ಇಡುತ್ತಿದ್ದ. ಕೆಳಗೆ ಮಷಿನ್ ಓಡುತ್ತಿದೆ ಅನ್ನುತ್ತಿದ್ದ. "ಮೆಲ್ಲಗೆ ನಡೀರಿ, ನಾವು ಎಲ್ಲಿದ್ದೀವಿ ಅಂತ ಅವರಿಗೆ ಗೊತ್ತಾಗುತ್ತೆ." ನಾನು, ನನ್ನ ಒಡಹುಟ್ಟಿದ ತಂಗಿ ಚಿಕ್ಕವರಿದ್ದಾಗ ನಮ್ಮ ಕಾಲು ನೆಲಕ್ಕೆ ತಾಗಬಾರದು ಅಂತ ಇಬ್ಬರನ್ನೂ ಒಂದೊಂದು ಕಂಕುಳಲ್ಲಿ ಎತ್ತಿಕೊಂಡು ನಡುಮನೆ ದಾಟಿಸುತ್ತಿದ್ದ. ತುದಿಗಾಲಲ್ಲಿ, ಉಸಿರು ಬಿಗಿ ಹಿಡಿದು. ಅಡುಗೆಮನೆ ಹೊಸ್ತಿಲ ಮೇಲೆ ಇಳಿಸಿ ತಲೆ ಸವರುತ್ತಿದ್ದ. ಅವನ ಬನಿಯನ್ನಿನ ಸೋಪಿನ ವಾಸನೆ ಈಗಲೂ ನೆನಪಿದೆ.

1997ರಲ್ಲಿ ನನಗೆ ಈ ಆಟದ ಹುಚ್ಚು ಹಿಡಿದಿತ್ತು. ಯಾರದೋ ಅಣ್ಣ ಅಮೆರಿಕದಿಂದ ತಂದ ಪುಸ್ತಕದ ಜೆರಾಕ್ಸ್ ಇಟ್ಟುಕೊಂಡು ಶನಿವಾರ ರಾತ್ರಿ ನಮ್ಮ ಮನೆಯಲ್ಲೇ ಆಡುತ್ತಿದ್ದೆವು. ಒಂದು ರಾತ್ರಿ ಡೆರೊಗಳ ನಾಯಕನೊಬ್ಬ ಬೇಕಾಗಿತ್ತು. ಬೇರೆ ಏನೂ ಹೊಳೆಯಲಿಲ್ಲ. ನಾನು ಮಂಡಿಯೂರಿ ನೆಲಕ್ಕೆ ಕಿವಿ ಇಟ್ಟೆ. ಮಾವನ ದನಿಯಲ್ಲೇ, ಅವನು ಎಳೆದು ಹೇಳುವ ಹಾಗೇ ಹೇಳಿದೆ. ಮೆಲ್ಲಗೆ ನಡೀರಿ. ಗೆಳೆಯರು ಒಂದು ಕ್ಷಣ ಮಾತೇ ಆಡಲಿಲ್ಲ. ಆಮೇಲೆ ಚಪ್ಪಾಳೆ ಹೊಡೆದರು. ಇಂಥ ರಾಕ್ಷಸನನ್ನು ನೋಡೇ ಇಲ್ಲ ಕಣೋ ಅಂದರು. ನಾನು ತಲೆ ಎತ್ತಿದಾಗ ಮಾವ ನೀರಿನ ಚೊಂಬು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

ಏನೂ ಅನ್ನಲಿಲ್ಲ. ಹೋಗಿ ಮಲಗಿದ. ಆದರೆ ಆ ದಿನದಿಂದ ನಮಗೆ ಯಾರಿಗೂ ಮೆಲ್ಲಗೆ ನಡೀರಿ ಅಂತ ಹೇಳಲಿಲ್ಲ. ದನಿ ನಿಂತಿರಲಿಲ್ಲ, ಅದು ಅವನ ಮುಖದಲ್ಲಿ ಕಾಣುತ್ತಿತ್ತು. ನಮ್ಮನ್ನು ಕಾಪಾಡೋದನ್ನು ಬಿಟ್ಟ, ಅಷ್ಟೆ. 2004ರಲ್ಲಿ ತೀರಿಕೊಂಡ.

ನಾನು ಮಾಡಿದ ತಪ್ಪು ಏನು ಅಂತ ತಿಳಿಯೋಕೆ ತುಂಬಾ ವರ್ಷ ಬೇಕಾಯಿತು. ಅಷ್ಟರಲ್ಲಿ ಅದನ್ನೇ ಒಂದು ಕಥೆ ಮಾಡಿದ್ದೆ, ಬಹುಮಾನವೂ ಬಂದಿತ್ತು. ಇವತ್ತಿಗೂ ಕೆಲವರು ಸಿಕ್ಕಾಗ ಅದೇ ಕಥೆಯನ್ನು ಹೊಗಳುತ್ತಾರೆ, ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಶೇವರ್‌ನ ಬಗ್ಗೆ ಮೊದಲ ಸಲ ಓದಿದ ರಾತ್ರಿ ಮೈ ಜುಮ್ಮೆಂದಿತು. ಮಾವ ರಾಕ್ಷಸರಿಗೆ ಹೆದರಿದವನು. ನಾನು ಅವನನ್ನೇ ರಾಕ್ಷಸ ಮಾಡಿದ್ದೆ. ಭಯವನ್ನು ಅನುಭವಿಸಿದವನಿಂದ ಕಿತ್ತು, ಅವನು ಯಾರಿಗೆ ಹೆದರುತ್ತಿದ್ದನೋ ಅವರ ಮುಖಕ್ಕೆ ಅಂಟಿಸಿದ್ದೆ. ನನ್ನದೇ ಒಂದು ಭಯ ನನ್ನೊಳಗೆ ಇತ್ತು. ನನಗೂ ಮುಂದೆ ಹೀಗೇ ಆಗಿಬಿಟ್ಟರೆ ಅನ್ನುವ ಭಯ. ಅದನ್ನು ಬರೆಯುವ ಧೈರ್ಯ ಇರಲಿಲ್ಲ. ಕೈಗೆ ಸುಲಭವಾಗಿ ಸಿಕ್ಕಿದ್ದು ಮಾವನದು, ತೆಗೆದುಕೊಂಡೆ.

ಈಗ ನಿನ್ನ 31ನೇ ಪುಟಕ್ಕೆ ಬರುತ್ತೇನೆ. ಇಲ್ಲದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಅಲ್ಲಿ ಒಬ್ಬ ಡೆರೊ ಕಾವಲುಗಾರ ಬರುತ್ತಾನೆ. ಹೊಡೆಯುವುದಿಲ್ಲ, ಕಿರುಚುವುದಿಲ್ಲ. ಕೈದಿಯ ಎದುರು ಕೂತು "ನಿನ್ನೆ ರಾತ್ರಿ ಯಾರ ಜೊತೆ ಮಾತಾಡಿದೆ" ಅಂತ ಕೇಳುತ್ತಾನೆ. ಉತ್ತರವನ್ನು ಬರೆದುಕೊಳ್ಳುತ್ತಾನೆ. ಹಾಳೆ ತಿರುಗಿಸಿ, ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳುತ್ತಾನೆ. ಮತ್ತೆ ಬರೆದುಕೊಳ್ಳುತ್ತಾನೆ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾನೆ. ಇದನ್ನು ಓದುವಾಗ ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಆರು ಸಾಲಿದೆ. ಒಂದು ಸಲವೂ ಕ್ರೂರ ಅನ್ನುವ ಪದ ಇಲ್ಲ, ನೀನೇ ನೋಡು. ಆಮೇಲೆ ಯಾಕೋ ಅವಸರ ಮಾಡಿ ಬಾಗಿಲು ಒಡೆಸಿ, ಆಟಗಾರರನ್ನು ನುಗ್ಗಿಸಿ, ಅವನನ್ನು ಕೊಲ್ಲಿಸಿಬಿಟ್ಟಿದ್ದೀಯ.

ಇದು ಯಾವ ಪುಸ್ತಕದಲ್ಲೂ ಇಲ್ಲ. ಇದು ನಿನಗೆ ಆಗಿದ್ದು. ಯಾವ ಹಾಸ್ಟೆಲ್ಲು, ಯಾವ ಆಫೀಸು, ಮನೆಯೊಳಗೇನಾ, ನಾನು ಕೇಳಲ್ಲ. ಆ ಕುರ್ಚಿಯಲ್ಲಿ ಕೂತು ಉತ್ತರ ಕೊಟ್ಟವಳು ನೀನೇ ಅಂತ ನನಗೆ ಅನಿಸುತ್ತದೆ. ಮೇಲ್‌ನಲ್ಲಿ "ಆ ಭಾಗ ಬಂದಾಗ ಯಾರೂ ಏನೂ ಹೇಳಲಿಲ್ಲ, ಬೋರ್ ಆಯ್ತು ಅನಿಸತ್ತೆ, ತೆಗೆದುಬಿಡಲಾ" ಅಂತ ಕೇಳಿದ್ದೀಯ. ತೆಗೆಯಬೇಡ. ಐದು ಜನರೂ ಆವತ್ತು ಸುಮ್ಮನಾಗಿದ್ದು ಅಲ್ಲಿ ಮಾತ್ರ. ರಕ್ತದ ಕೊಳಕ್ಕೆ ನಕ್ಕವರು ಅಲ್ಲಿ ನಗಲಿಲ್ಲ, ನೀನೇ ಬರೆದಿದ್ದೀಯ. ಹೊಗಳಿಕೆ ಬಂದ ಕಡೆಯೆಲ್ಲ ಹಿಂದೆ ಹೋಗಿ ಅನುಮಾನದಿಂದ ನೋಡು, ಸುಮ್ಮನಾದ ಕಡೆ ನಿಂತುಕೋ.

ಆ ಕಾವಲುಗಾರ ಯಾಕೆ ಹಾಗೆ ಕೇಳುತ್ತಾನೆ ಅಂತಲೂ ಯೋಚಿಸು. ಅವನ ತಲೆಯ ಮೇಲೆ ಯಾರಿದ್ದಾರೆ? ಎರಡು ಹಾಳೆ ಒಂದೇ ಥರ ಇಲ್ಲದಿದ್ದರೆ ಅವನಿಗೇ ಏನಾಗುತ್ತದೆ? ಡೆರೊಗಳ ದೇವರು ದೀರಿಂಕನ ಕಥೆಯನ್ನು ಎಂಟನೇ ಪುಟದಲ್ಲಿ ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ಮೈಂಡ್ ಫ್ಲೇಯರ್‌ ಅನ್ನುವ, ಮಿದುಳು ತಿನ್ನುವ ರಾಕ್ಷಸರ ಕೈಗೆ ಒಡಹುಟ್ಟಿದವನನ್ನೇ ಬಿಟ್ಟುಕೊಟ್ಟು, ಕದ್ದ ವಿದ್ಯೆಯ ಜೊತೆ ತಾನು ಓಡಿ ಬಂದವನು ಅವನು. ಅಂಥವನನ್ನು ಪೂಜಿಸುವ ಊರಿನಲ್ಲಿ ಅಣ್ಣತಮ್ಮಂದಿರು ಒಂದೇ ಕೋಣೆಯಲ್ಲಿ ಹೇಗೆ ಮಲಗುತ್ತಾರೆ? ಹುಟ್ಟಿನಿಂದಲೇ ಕ್ರೂರರು ಅಂತ ಬರೆದುಬಿಟ್ಟರೆ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ, ಆ ಮೂರನೇ ಪುಟದ ಸಾಲಿನ ಮೇಲೆ ನನಗೆ ಅಷ್ಟು ಕೋಪ ಬಂದಿದ್ದು ಅದಕ್ಕೇ.

ಪೂರ್ತಿ ಹಸ್ತಪ್ರತಿಯನ್ನು ಮತ್ತೆ ಕಳಿಸಬೇಡ. 31ನೇ ಪುಟ ಒಂದನ್ನೇ ತೆಗೆದುಕೋ. ಬಾಗಿಲು ಒಡೆಯಲು ಬಿಡಬೇಡ. ಕಾವಲುಗಾರ ಮೂರನೇ ಹಾಳೆ ತೆಗೆದು, ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಲಿ. ಕೈದಿ ಏನು ಹೇಳಿದಳು ಅನ್ನುವುದನ್ನು ಬರೆದು ಕಳಿಸು. ಎಷ್ಟು ದಿನ ಆದರೂ ಪರವಾಗಿಲ್ಲ, ಕಾಯುತ್ತೇನೆ.

ನಿನ್ನ ಅಣ್ಣ